ಗದ್ದೆಗೊಂದು ನ್ಯಾಯ, ಕಡಲಿಗೊಂದು ನ್ಯಾಯ

1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಗೇಣಿ ಪದ್ಧತಿ ಕಾನೂನಿನ ಲೆಕ್ಕದಲ್ಲಿ ಸತ್ತಿತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ದಿನ ಅದು. ದಕ್ಷಿಣ ಕನ್ನಡದ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿ ನಿಂತರು. ಉಳುವವನೇ ಒಡೆಯ ಎನ್ನುವ ಮಾತು ಕಾಗದದಿಂದ ಗದ್ದೆಗೆ ಇಳಿಯಿತು. ಗೇಣಿಚೀಟಿ ಇಲ್ಲದ ದಲಿತ ಕೂಲಿಗೆ ಅದರಲ್ಲೂ ದಕ್ಕಿದ್ದು ಕಡಿಮೆ. ಆ ಜಗಳ ಇನ್ನೂ ಮುಗಿದಿಲ್ಲ. ಆದರೂ ದುಡಿಯುವವನಿಗೆ ಹಕ್ಕಿದೆ ಅಂತ ಸರ್ಕಾರ ಒಂದು ಸಲ ಬಾಯಿ ಬಿಟ್ಟು ಹೇಳಿತಲ್ಲ, ಅದು ಸಣ್ಣ ಮಾತಲ್ಲ.

ಇದನ್ನು ನಾವು ಪಾಠದಲ್ಲಿ ಓದಿದ್ದೇವೆ, ಮಕ್ಕಳಿಗೆ ಓದಿಸಿದ್ದೇವೆ. ಅದೇ ವರ್ಷಗಳಲ್ಲಿ, ಅದೇ ಜಿಲ್ಲೆಯಲ್ಲಿ, ಆ ಗದ್ದೆಗಳಿಂದ ಕೂಗಿದರೆ ಕೇಳಿಸುವಷ್ಟು ದೂರದ ಕಡಲ ದಂಡೆಯಲ್ಲಿ ನಡೆದದ್ದನ್ನು ಮಾತ್ರ ಯಾವ ಪಾಠದಲ್ಲೂ ಓದಲಿಲ್ಲ. ಗದ್ದೆಯಲ್ಲಿ ಉಳುವವನೇ ಒಡೆಯ ಅಂದ ಸರ್ಕಾರವೇ ಕಡಲಿನಲ್ಲಿ ಇಂಜಿನ್ ಇದ್ದವನೇ ಒಡೆಯ ಅಂದಿತು. ಬಾಯಿ ಬಿಟ್ಟು ಅನ್ನಲಿಲ್ಲ. ಸಾಲ ಕೊಟ್ಟು, ಸಬ್ಸಿಡಿ ಕೊಟ್ಟು, ಕಾಯಿದೆ ಮಾಡದೆ ಸುಮ್ಮನಿದ್ದು ಅಂದಿತು. ಇವತ್ತು ಮೀನು ಕಡಿಮೆಯಾಗಿದೆ, ಮರಿಮೀನು ಹಿಡಿಯಬೇಡಿ, ಕಡಲನ್ನು ಉಳಿಸಿ ಅಂತ ಉಪದೇಶ ಬರುತ್ತಿದೆ. ಉಳಿಸಬೇಕು, ನಿಜ. ಆದರೆ ಬರಿದು ಮಾಡಿದವರು ಯಾರು, ಯಾರ ದುಡ್ಡಿನಲ್ಲಿ ಮಾಡಿದರು ಅಂತ ಕೇಳದೆ ಉಳಿಸುವ ಮಾತು ಆಡಿದರೆ ಅದು ಉಳ್ಳವರ ಮಾತಾಗುತ್ತದೆ. ಅದಕ್ಕೇ ನಾವು ಈ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗಿದೆ.

ಉಪ್ಪಿನ ಬೀಗ

ಕಡಲಿಗೆ ಸರ್ಕಾರ ಮೊದಲು ಕೈ ಹಾಕಿದ್ದು ಮೀನಿನ ಮೂಲಕ ಅಲ್ಲ, ಉಪ್ಪಿನ ಮೂಲಕ. ಬ್ರಿಟಿಷರ ಕಾಲಕ್ಕೆ ಉಪ್ಪು ಸರ್ಕಾರದ ಸ್ವತ್ತು, ಅದರ ಮೇಲೆ ತೆರಿಗೆ. ಬೂತಾಯಿ ಬುಟ್ಟಿಗೆ ಎರಡು ಕಾಸು ಬರುವಾಗ ಅದಕ್ಕೆ ಹಾಕುವ ಉಪ್ಪಿಗೆ ಅದಕ್ಕಿಂತ ಹೆಚ್ಚು ಕೊಡುವವರು ಯಾರು? ಮೀನು ದಂಡೆಯಲ್ಲಿ ಕೊಳೆಯಿತು, ಇಲ್ಲವೆ ಗೊಬ್ಬರವಾಯಿತು. 1873ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಹಿಂದೂಸ್ಥಾನದ ಮತ್ತು ಬರ್ಮಾದ ಕಡಲ ಮೀನುಗಾರಿಕೆಯ ಮೇಲೆ ಸರ್ಕಾರಕ್ಕೆ ವರದಿ ಒಪ್ಪಿಸಿದ. ಮದರಾಸು ಪ್ರಾಂತದಲ್ಲಿ ಮೀನಿಗೆ ಉಪ್ಪು ಹಾಕುವ ಸರ್ಕಾರಿ ಅಂಗಳಗಳು ಎದ್ದವು. ಬೇಲಿ ಹಾಕಿದ ಆ ಅಂಗಳದೊಳಗೆ, ಉಪ್ಪಿನ ಇಲಾಖೆಯ ಕಾವಲಿನಲ್ಲಿ ಮೀನು ತಂದರೆ ಕಡಿಮೆ ಬೆಲೆಗೆ ಉಪ್ಪು. ಹೊರಗೆ ಹಿಡಿ ಉಪ್ಪು ಕೆರೆದುಕೊಂಡರೆ ಅಪರಾಧ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಮುರಿದದ್ದು ಈ ಕಾನೂನನ್ನೇ.

ಅಂಗಳದಿಂದ ಹೊರಟ ಒಣಮೀನು ಘಟ್ಟ ಹತ್ತಿತು. ಮಲೆನಾಡಿನ, ಬಯಲುಸೀಮೆಯ ಸಂತೆಗಳಲ್ಲಿ ಬುಟ್ಟಿಯಾಗಿ ಕೂತಿತು. ಬಾಡು ಕೊಳ್ಳುವ ತಾಕತ್ತಿಲ್ಲದ ದಿನ ನಮ್ಮ ಕೇರಿಗಳ ಸಾರಿಗೆ ರುಚಿ ಕೊಟ್ಟದ್ದು ಈ ಒಣಮೀನು. ಹಾಗಾಗಿ ಇದು ಬರೀ ಕರಾವಳಿಯವರ ಚರಿತ್ರೆ ಅಲ್ಲ.

ಮದರಾಸು ಸರ್ಕಾರ 1905ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಮೀನುಗಾರಿಕೆ ನೋಡಿಕೊಳ್ಳಲು ನೇಮಿಸಿತು, ಆಮೇಲೆ ಇಲಾಖೆಯನ್ನೇ ಮಾಡಿತು. ಮಲಬಾರು ಮತ್ತು ದಕ್ಷಿಣ ಕನ್ನಡದ ದಂಡೆಯಲ್ಲಿ ಬೂತಾಯಿಯನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುವ ಭಟ್ಟಿಗಳು ಎದ್ದವು. ಎಣ್ಣೆ ಹಡಗು ಹತ್ತಿತು, ಹಿಂಡಿದ ಹುಡಿ ತೋಟಗಳಿಗೆ ಗೊಬ್ಬರವಾಗಿ ಹೋಯಿತು. ಬೂತಾಯಿ ಕೈಕೊಟ್ಟ ವರ್ಷಗಳೂ ಬಂದವು. 1943ರಲ್ಲಿ ಅದೇ ಸರ್ಕಾರ ಕೆಲವು ಬಲೆಗಳಿಗೆ ನಿಷೇಧ ಹಾಕಿತು. ಕಾಯುವವರಿಲ್ಲದೆ 1947ರ ಹೊತ್ತಿಗೆ ಅದನ್ನು ಕೈಬಿಟ್ಟಿತು. ಇದರ ಪಾಠ ನಾವು ನೆನಪಿಡಬೇಕು: ಎಣ್ಣೆ ಭಟ್ಟಿಗೆ ನೆರವು, ಬಲೆಗೆ ನಿಷೇಧ. ಮುಂದೆ ನಮ್ಮವರ ಸರ್ಕಾರ ಬಂದ ಮೇಲೂ ಇದೇ ದಾರಿ ಹಿಡಿಯಿತು.

ರಂಪಣಿ ಎಂಬ ಕೂಟ

ಎಪ್ಪತ್ತರ ದಶಕದವರೆಗೆ ನಮ್ಮ ಕರಾವಳಿಯ ದೊಡ್ಡ ಬಲೆ ಅಂದರೆ ರಂಪಣಿ. ಗೋವೆಯ ಕಡೆಯಿಂದ ಬಂದದ್ದು ಅಂತ ಹೇಳಿಕೆ. ನೂರಾರು ಮಾರು ಉದ್ದದ ಬಲೆ. ಮಳೆಗಾಲ ಕಳೆದು ಬಂಗುಡೆ, ಬೂತಾಯಿ ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದು ನೋಡಿ ಹಿಂಡು ಎಲ್ಲಿದೆ ಅಂತ ಹೇಳಬಲ್ಲವನೊಬ್ಬ ದಡದಲ್ಲಿ ನಿಂತಿರುತ್ತಾನೆ. ಅವನು ಕೂಗಿದನೋ, ಬಲೆಯ ಒಂದು ಹಗ್ಗ ದಡದಲ್ಲೇ ಬಿಟ್ಟು ದೋಣಿ ಹೊರಡುತ್ತದೆ. ಹಿಂಡನ್ನು ಸುತ್ತಿ ಇನ್ನೊಂದು ಹಗ್ಗ ಹಿಡಿದು ದಡಕ್ಕೆ ಬರುತ್ತದೆ. ಆಮೇಲೆ ಎರಡೂ ಕಡೆ ಸಾಲಾಗಿ ನಿಂತು ಎಳೆಯುವುದು. 70-80 ಜನ ಕೈ ಹಚ್ಚದೆ ಅದು ಬರುವುದಿಲ್ಲ. ಮೀನು ವಿಪರೀತ ಬಿದ್ದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ದಿನಕ್ಕೆ ಬೇಕಾದಷ್ಟೇ ತೆಗೆದು ಮಾರುವ ರೂಢಿಯೂ ಇತ್ತು.

ಬಲೆ ಒಬ್ಬನದಲ್ಲ. ಮನೆಮನೆಯವರು ತಮ್ಮ ತಮ್ಮ ತುಂಡು ತಂದು ಜೋಡಿಸಿದ ಬಲೆ ಅದು. ಬಂದದ್ದರಲ್ಲಿ ಪಾಲು. ದಕ್ಷಿಣದಲ್ಲಿ ಮೊಗವೀರರು, ಉತ್ತರಕ್ಕೆ ಹೋದಂತೆ ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು ಕಡಲನ್ನು ನಂಬಿದವರು. ಇವರೆಲ್ಲ ಮೇಲ್ಜಾತಿಯವರ ಲೆಕ್ಕದಲ್ಲಿ ಮೀನು ನಾತದವರು. ದೋಣಿ ದಡ ಮುಟ್ಟಿದ ಮೇಲಿನ ಕೆಲಸ ಹೆಂಗಸರದು. ಬುಟ್ಟಿ ಹೊತ್ತು ಮನೆಮನೆಗೆ ನಡೆಯುವುದು, ಮಿಕ್ಕಿದ್ದನ್ನು ಒಣಗಿಸುವುದು, ದುಡ್ಡು ಎಣಿಸಿ ಮನೆ ನಡೆಸುವುದು.

ಹಳೆಯದೆಲ್ಲ ಬಂಗಾರ ಅಂತ ಹಾಡುವುದು ನಮ್ಮ ಕೆಲಸವಲ್ಲ. ರಂಪಣಿಯ ಪಾಲು ಜಾತಿಯ ಬೇಲಿ ದಾಟುತ್ತಿರಲಿಲ್ಲ. ಬುಟ್ಟಿ ಹೊತ್ತವಳಿಗೆ ಬಲೆಯಲ್ಲಿ ಹೆಸರಿರಲಿಲ್ಲ. ಮಳೆಗಾಲದ ಹಸಿವಿಗೆ ಸಾಲ ಕೊಟ್ಟ ಸಾವಕಾರ ಸುಗ್ಗಿಯಲ್ಲಿ ತಾನು ಹೇಳಿದ ಬೆಲೆಗೆ ಮೀನು ಎತ್ತಿಕೊಂಡು ಹೋಗುತ್ತಿದ್ದ. ರಂಪಣಿಯವರು ಋಷಿಗಳಾಗಿದ್ದಕ್ಕೆ ಕಡಲು ಉಳಿಯಿತು ಅಂತಲೂ ಅಲ್ಲ. ಅವರ ಬಲೆಗೆ ಒಂದು ಮಿತಿ ಇತ್ತು. ದಡಕ್ಕೆ ಬಂದ ಮೀನಿಗೆ ಮಾತ್ರ ಅವರ ಕೈ ಎಟುಕುತ್ತಿತ್ತು, ಆಚೆ ಇದ್ದದ್ದು ಕಡಲಿನ ಪಾಲು. ಮಳೆಗಾಲದಲ್ಲಿ ಕಡಲು ತಾನೇ ಬಾಗಿಲು ಹಾಕುತ್ತಿತ್ತು. ಬೂತಾಯಿ ಮೊಟ್ಟೆ ಇಡುವುದು ಆ ತಿಂಗಳುಗಳಲ್ಲೇ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟು ದೋಣಿ ಇಳಿಸುವ ಸಂಪ್ರದಾಯದೊಳಗೆ ಈ ಲೆಕ್ಕವೂ ಇತ್ತು. ಇನ್ನೊಂದು ಮುಖ್ಯ ಮಾತು: ಬಲೆ ಹಾಕುವುದು ಯಾವಾಗ, ಎಲ್ಲಿ, ಯಾರ ಸರದಿ ಅನ್ನುವುದನ್ನು ತೀರ್ಮಾನ ಮಾಡುತ್ತಿದ್ದವರು ಹಗ್ಗ ಎಳೆಯುವವರೇ.

ಯಂತ್ರ ಬಂತು, ಕಾಯಿದೆ ಬರಲಿಲ್ಲ

1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಹೆಸರು ಇಂಡೋ-ನಾರ್ವೇಜಿಯನ್ ಯೋಜನೆ. ಮರುವರ್ಷ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಕೆಲಸ ಶುರುವಾಯಿತು. ಬಡ ಮೀನುಗಾರರ ದೋಣಿಗೆ ಇಂಜಿನ್, ಅವರ ಹಳ್ಳಿಗೆ ಆಸ್ಪತ್ರೆ, ಕುಡಿಯುವ ನೀರು - ಗುರಿ ಒಳ್ಳೆಯದೇ ಇತ್ತು. ಅದೇ 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಮಂಜುಗಡ್ಡೆ ಸೀಗಡಿ ಹೊರಟಿತು. ಡಾಲರಿನ ರುಚಿ ಹತ್ತಿತು. ಅಲ್ಲಿಂದ ಗುರಿ ಬದಲಾಯಿತು. ಊರು ತಿನ್ನುವ ಬೂತಾಯಿ ಬಿಟ್ಟು ಹೊರದೇಶ ತಿನ್ನುವ ಸೀಗಡಿಯ ಬೆನ್ನು ಹತ್ತಿತು ಸರ್ಕಾರ. ಕಡಲ ತಳವನ್ನು ಗೋರಿಕೊಂಡು ಹೋಗುವ ಟ್ರಾಲ್ ಬಲೆ ಬಂತು. ಅರುವತ್ತರ ದಶಕದಲ್ಲಿ ಯೋಜನೆ ಕಾರವಾರಕ್ಕೂ ಕಾಲಿಟ್ಟಿತು. ಮಂಗಳೂರು, ಮಲ್ಪೆಗಳಲ್ಲಿ ಟ್ರಾಲ್ ಬೋಟು ಹೆಚ್ಚಿದವು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಬಂತು, 1972ರಲ್ಲಿ ಕಡಲ ಉತ್ಪನ್ನಗಳ ರಫ್ತಿಗೇ ಒಂದು ಪ್ರಾಧಿಕಾರ ಬಂತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ನಮಗೆ ಯಂತ್ರ ಕಲಿಸಿದ ನಾರ್ವೆ ತನ್ನ ಮನೆಯಲ್ಲಿ ಏನು ಮಾಡಿತ್ತು? 1938ರಲ್ಲೇ ಅಲ್ಲಿ ಕಾಯಿದೆ ಇತ್ತು - ಮೀನನ್ನು ಮೊದಲು ಮಾರುವ ಹಕ್ಕು ಮೀನುಗಾರರ ಸಂಘಗಳಿಗೇ ಸೇರಿದ್ದು, ವ್ಯಾಪಾರಿ ಹೇಳಿದ ಬೆಲೆ ನಡೆಯುವುದಿಲ್ಲ ಅಂತ. ಟ್ರಾಲ್ ಬೋಟುಗಳಿಗೆ ಮೂವತ್ತರ ದಶಕದಲ್ಲೇ ಕಡಿವಾಣ ಇತ್ತು. 1956ರ ಕಾಯಿದೆ, ಬೋಟಿನ ಒಡೆತನ ಮೀನು ಹಿಡಿಯುವ ಕಸುಬಿನವರ ಕೈಯಲ್ಲೇ ಇರಬೇಕು ಅಂದಿತು. ಅಲ್ಲಿನ ಮೀನುಗಾರರು ಹೋರಾಡಿ ಪಡೆದ ಕಾಯಿದೆಗಳಿವು. ಹಡಗಿನಲ್ಲಿ ಇಂಜಿನ್ ಬಂತು, ಬಲೆ ಬಂತು, ತಜ್ಞರು ಬಂದರು. ಈ ಕಾಯಿದೆಗಳು ಮಾತ್ರ ಬರಲಿಲ್ಲ. ನಮ್ಮ ದೊರೆಗಳು ಕೇಳಲೂ ಇಲ್ಲ.

ಕಾಯಿದೆ ಇಲ್ಲದೆ ಸಾಲ ಹಂಚಿದರೆ ಅದು ಯಾರಿಗೆ ಹೋಗುತ್ತದೆ ಅಂತ ಹಳ್ಳಿಯ ಮೇಷ್ಟರಿಗೆ ನಾವು ಹೇಳಿಕೊಡಬೇಕಿಲ್ಲ. ಜಾಮೀನು ಇದ್ದವನಿಗೆ ಹೋಗುತ್ತದೆ. ಕಡಲ ದಂಡೆಯ ಗುಡಿಸಲಿಗೆ ಪಟ್ಟಾ ಇಲ್ಲ, ಪಟ್ಟಾ ಇಲ್ಲದವನಿಗೆ ಬ್ಯಾಂಕಿಲ್ಲ. ಸಹಕಾರ ಸಂಘದ ಹೆಸರಿನಲ್ಲಿ ಬೋಟು ಎತ್ತಿದವರಲ್ಲಿ ಕಡಲಿಗೆ ಇಳಿಯದವರೂ ಇದ್ದರು. ಮೀನಿನ ನಾತಕ್ಕೆ ಮೂಗು ಮುಚ್ಚುತ್ತಿದ್ದ ಜಾತಿಗಳಿಗೆ ಮೀನಿನ ದುಡ್ಡು ನಾತ ಹೊಡೆಯಲಿಲ್ಲ.

1976ರ ಹೊತ್ತಿಗೆ

ಟ್ರಾಲ್ ಬೋಟು ತಳ ಗೋರಿತು. ಮೇಲಿನ ನೀರಿನ ಬಂಗುಡೆ, ಬೂತಾಯಿಗೆ ಬಂದದ್ದು ಪರ್ಸೀನ್. ಎಪ್ಪತ್ತರ ದಶಕದ ನಡುವಿನಲ್ಲಿ, 1976ರ ಹೊತ್ತಿಗೆ, ನಮ್ಮ ಕರಾವಳಿಯಲ್ಲಿ ವ್ಯಾಪಾರದ ಮಟ್ಟಕ್ಕೆ ಅದು ಬೇರೂರಿತು. ಇಂಜಿನ್ ಬೋಟು ಹಿಂಡನ್ನು ಆಳದಲ್ಲೇ ಸುತ್ತುತ್ತದೆ. ಬಲೆಯ ಅಡಿಯ ಹಗ್ಗ ಎಳೆದರೆ ದುಡ್ಡಿನ ಚೀಲದ ಬಾಯಿ ಕಟ್ಟಿದ ಹಾಗೆ. ಒಳಗಿದ್ದದ್ದು ಒಂದೂ ಹೊರಗೆ ಹೋಗುವುದಿಲ್ಲ. ರಂಪಣಿಯವ ದಡದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಲೇ ಇದ್ದ. ಹಿಂಡು ದಡಕ್ಕೆ ಬರುವ ಮೊದಲೇ ಬೋಟಿನೊಳಗೆ ಬಿದ್ದಿತ್ತು.

ಕೆಲವೇ ವರ್ಷ. ಪರ್ಸೀನ್‌ಗಳು ನೂರಾರಾದವು, ರಂಪಣಿಗಳು ಒಂದೊಂದಾಗಿ ಎದ್ದು ಹೋದವು. ಬಲೆಯನ್ನು ಯಾರೂ ಸುಡಲಿಲ್ಲ, ಯಾರೂ ನಿಷೇಧಿಸಲಿಲ್ಲ. ಮೀನು ಬರಲಿಲ್ಲ, ಅಷ್ಟೆ. ರಂಪಣಿಯ ಗುಂಪುಗಳಲ್ಲಿ ಸ್ವಲ್ಪ ಜನ ಕೂಡಿ ಸಾಲ ಎತ್ತಿ ತಾವೂ ಪರ್ಸೀನ್ ಮಾಡಿದರು. ಉಳಿದವರು ಅದೇ ಬೋಟುಗಳಿಗೆ ಆಳುಗಳಾಗಿ ಹತ್ತಿದರು. ಒಂದು ರಂಪಣಿ 70-80 ಮನೆಗೆ ಗಂಜಿ ಹಾಕುತ್ತಿತ್ತು, ಪರ್ಸೀನಿಗೆ ಬೇಕಾದ ಆಳು ಅದರ ಮೂರನೇ ಒಂದು ಪಾಲು. ಮಿಕ್ಕವರು ಎಲ್ಲಿಗೆ ಹೋದರು? ಮುಂಬಯಿಗೆ ಹೋದರು, ಹೋಟೆಲಿನ ಕೆಲಸಕ್ಕೆ ಹೋದರು, ಕೈರಂಪಣಿ ಎಳೆಯುತ್ತ ದಡದಲ್ಲೇ ಉಳಿದರು. ಸರ್ಕಾರದ ಪಟ್ಟಿಯಲ್ಲಿ ಹಿಡಿದ ಮೀನಿನ ಟನ್ನು ಏರಿದ್ದಷ್ಟೇ ಬರೆದಿದೆ.

ಪಾಲುದಾರ ಕೂಲಿಯಾದ. ಇದು ಆ ದಶಕದ ನಿಜವಾದ ಕಡಲ ಚರಿತ್ರೆ. ಗದ್ದೆಯಲ್ಲಿ ಗೇಣಿದಾರ ಒಡೆಯನಾಗುತ್ತಿದ್ದ ಹೊತ್ತಿಗೆ ಕಡಲಲ್ಲಿ ಒಡೆಯ ಆಳಾಗುತ್ತಿದ್ದ. ಎರಡೂ ಒಂದೇ ವಿಧಾನಸೌಧದಿಂದ!

ಹೋರಾಟ ಆಗಲಿಲ್ಲವೆ? ಆಯಿತು. ಗೋವೆಯಲ್ಲಿ ರಾಂಪೊಣ್‌ಕಾರರು ಮಥನಿ ಸಾಲ್ಡಾನಾ ಅವರ ಮುಂದಾಳತನದಲ್ಲಿ ಬೀದಿಗಿಳಿದರು. ಕೇರಳದಲ್ಲಿ ಕಟ್ಟುಮರದವರು ಸಂಘ ಕಟ್ಟಿದರು. ಅಲ್ಲಿ ಪಾದ್ರಿಗಳು, ಸಿಸ್ಟರುಗಳು ಮೀನುಗಾರರ ಜೊತೆ ಉಪವಾಸ ಕೂತರು. 1978ರಲ್ಲಿ ನಾಡದೋಣಿಯವರ ಹಕ್ಕಿಗಾಗಿ ದೇಶಮಟ್ಟದ ವೇದಿಕೆ ಹುಟ್ಟಿತು. ಅದೇ ಮುಂದೆ ರಾಷ್ಟ್ರೀಯ ಮೀನುಗಾರರ ವೇದಿಕೆಯಾಯಿತು. ನಮ್ಮಲ್ಲಿ ಗಲಾಟೆ, ಮನವಿ ನಡೆದವು. ಆದರೆ ಬೋಟಿನವನೂ ರಂಪಣಿಯವನೂ ಒಂದೇ ಜಾತಿ, ಒಂದೇ ಕೂಡುಕಟ್ಟು ಆದಾಗ ಜಗಳ ಜಾತಿಯ ಪಂಚಾಯಿತಿಯೊಳಗೇ ತಣ್ಣಗಾಗುತ್ತದೆ. ಜಾತಿ ನಮ್ಮನ್ನು ಕೂಡಿಸುತ್ತದೆ ಅನ್ನುವವರು ಇದನ್ನು ನೋಡಬೇಕು. ಉಳ್ಳವನ ಪರವಾಗಿ ಇಲ್ಲದವನ ಬಾಯಿ ಕಟ್ಟುವುದೂ ಅದೇ ಜಾತಿ.

ಕಾಯಿದೆ ಬಂದಾಗ

ಸಂವಿಧಾನದ ಪ್ರಕಾರ ದಡದ ನೀರಿನ ಮೀನುಗಾರಿಕೆ ರಾಜ್ಯದ್ದು, ಅದರಾಚೆಯದು ಕೇಂದ್ರದ್ದು. 1976ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರು, ನಮ್ಮ ಗಡಿನೀರು ಅಂತಲೂ 200 ಮೈಲಿನವರೆಗಿನ ಸಂಪತ್ತು ದೇಶದ್ದು ಅಂತಲೂ ಗೆರೆ ಎಳೆಯಿತು. ಗೆರೆಯೊಳಗೆ ಬಡವ ಎಲ್ಲಿ, ಉಳ್ಳವ ಎಲ್ಲಿ ಅನ್ನುವ ಗೆರೆ ಇರಲಿಲ್ಲ. ಗಲಾಟೆ ಹೆಚ್ಚಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿ, ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತು. ಕೇರಳ, ಗೋವೆಗಳಲ್ಲಿ 1980ರಲ್ಲೇ ಕಾಯಿದೆ ಆಯಿತು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಆದದ್ದು 1986ರಲ್ಲಿ. ದಡದಿಂದ 6 ಕಿಲೋಮೀಟರಿನ ನೀರು ನಾಡದೋಣಿಗೆ ಮೀಸಲು ಅಂತ ಆಯಿತು.

ಪರ್ಸೀನ್ ಬಂದು ಹತ್ತು ವರ್ಷದ ಮೇಲೆ ಮೀಸಲು! ಅಷ್ಟರಲ್ಲಿ ರಂಪಣಿಗಳು ದಡದಿಂದ ಎದ್ದುಹೋಗಿ ಆಗಿತ್ತು. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ.

ಕೇರಳ ಸರ್ಕಾರ ಗಡಿನೀರಿನಲ್ಲಿ ಪರ್ಸೀನ್ ಮತ್ತು ಅಂಥ ಬಲೆಗಳನ್ನು ನಿಷೇಧಿಸಿದಾಗ ಬೋಟಿನವರು ಕೋರ್ಟಿಗೆ ಹೋದರು. ತೊಂಬತ್ತರ ದಶಕದ ಮೊದಲಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕೆಲವರ ಲಾಭಕ್ಕಿಂತ ಹಲವರ ಹೊಟ್ಟೆಪಾಡು ದೊಡ್ಡದು, ದುರ್ಬಲರನ್ನು ಕಾಯುವುದು ಸರ್ಕಾರದ ಹೊಣೆ ಅನ್ನುವುದು ಆ ತೀರ್ಪಿನ ತಿರುಳು. ಕೇರಳದ ಜನ ಹೋರಾಡಿ 1988ರಿಂದ ಮಳೆಗಾಲದ ಟ್ರಾಲ್ ನಿಷೇಧವನ್ನೂ ತರಿಸಿದರು. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿದು ಕೇಳಿದ್ದು ಇದನ್ನೇ ಅಲ್ಲವೆ - ಎಲ್ಲರ ನೀರಿನ ಮೇಲೆ ಕೆಲವರ ಅಧಿಕಾರ ಎಲ್ಲಿಂದ ಬಂತು?

1991ರಲ್ಲಿ ಕೇಂದ್ರ ಆಳಸಮುದ್ರವನ್ನು ವಿದೇಶಿ ಹಡಗುಗಳ ಜಂಟಿ ಕಂಪನಿಗಳಿಗೆ ತೆರೆಯಿತು. ಆಗ ತಮಾಷೆ ನೋಡಿ, ನಾಡದೋಣಿಯವರೂ ಟ್ರಾಲ್ ಬೋಟಿನವರೂ ಒಟ್ಟಾದರು. 1994ರಲ್ಲಿ ದೇಶದ ಕರಾವಳಿ ಬಂದ್ ಆಯಿತು. ಸರ್ಕಾರ ಮುರಾರಿ ಸಮಿತಿ ಮಾಡಿತು. 1996ರಲ್ಲಿ ಅದು ಆ ಲೈಸೆನ್ಸುಗಳನ್ನು ನಿಲ್ಲಿಸಿ ಅಂದಿತು. ದೊಡ್ಡ ಮೀನು ಬಂದಾಗ ನಡುವಿನ ಮೀನಿಗೂ ಸಣ್ಣ ಮೀನಿನ ನೆನಪಾಗುತ್ತದೆ.

ಈಗಿನ ದಂಡೆ

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಇಳಿಯುವಂತಿಲ್ಲ. ಉಜ್ವಲ ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧದ ಮೇಲೂ ಬೆಳಕು ಉರಿಯುತ್ತದೆ ಅಂತ ನಾಡದೋಣಿಯವರು ಬಂದರಿನಿಂದ ಬಂದರಿಗೆ ದೂರು ಹೊತ್ತು ತಿರುಗಿದ್ದಾರೆ. ಇತ್ತ 2020ರ ಮತ್ಸ್ಯ ಸಂಪದ ಯೋಜನೆ 20,050 ಕೋಟಿ ರೂಪಾಯಿಯ ಲೆಕ್ಕ ಹೇಳಿ, ಕೆರೆ-ಕಡಲು ಎರಡೂ ಸೇರಿ ಇನ್ನೂ ಹೆಚ್ಚು ಮೀನು ಅಂತ ಗುರಿ ಇಟ್ಟಿತು. ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ಚಾಟಿ.

ಕಡಲು ಏನು ಹೇಳುತ್ತಿದೆ? ಪಕ್ಕದ ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್ - ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ. ಬೂತಾಯಿ ಮೊದಲಿನಿಂದಲೂ ಏರಿಳಿಯುವ ಮೀನು. ಮಳೆ, ನೀರಿನ ಬಿಸಿ, ಎಲ್ ನಿನೊ ಎಲ್ಲಕ್ಕೂ ಅದು ತಗ್ಗುತ್ತದೆ, ಮತ್ತೆ ಏಳುತ್ತದೆ ಅನ್ನುತ್ತಾರೆ ವಿಜ್ಞಾನಿಗಳು. ಒಪ್ಪೋಣ. ತಗ್ಗಿದಾಗ ತಡೆಯುವ ಶಕ್ತಿ ಕಡಲಿಗೆ ಬೇಕಲ್ಲ? ಮರಿಮೀನನ್ನೂ ಬಿಡದೆ ಬಳಿದು ಮೀನುಹುಡಿಯ ಕಾರ್ಖಾನೆಗೆ ಸುರಿದರೆ ಅದು ಹೇಗೆ ಏಳಬೇಕು? ಆ ಹುಡಿ ಕೋಳಿ, ಸೀಗಡಿಗಳ ಮೇವು. ನಮ್ಮ ಕೇರಿಯ ಸಾರಿಗೆ ಬರುತ್ತಿದ್ದ ಮೀನು ಈಗ ಅಲ್ಲಿಗೆ ಹೋಗುತ್ತಿದೆ.

ಮತ್ತೆ ಬಂದರಿನಲ್ಲಿ ಈಗ ದುಡಿಯುವವರು ಯಾರು? ಬೋಟಿನ ಮೇಲೆ ಒಡಿಶಾ, ಆಂಧ್ರ, ತಮಿಳುನಾಡಿನ ಹುಡುಗರು. ದಡದಲ್ಲಿ ಬುಟ್ಟಿ ಹೊರುವವರು, ಮೀನು ಬೇರ್ಪಡಿಸುವವರು ಘಟ್ಟದ ಮೇಲಿನಿಂದ ಗುಳೆ ಬಂದ ನಮ್ಮವರು. 2025ರ ಮಾರ್ಚಿನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳು ಅಂತ ಪರಿಶಿಷ್ಟ ಜಾತಿಯ ಕೂಲಿ ಹೆಣ್ಣುಮಗಳೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ಜನ ಸುತ್ತ ನಿಂತು ನೋಡಿದರು. ಕೇಸಾಯಿತು, ಕೆಲವರು ಜೈಲಿಗೆ ಹೋದರು. ಬುಟ್ಟಿಯಲ್ಲಿ ಒಂದು ಹಿಡಿ ಮೀನಿಗೆ ಮರ, ಹಗ್ಗ. ಹಿಂಡು ಹಿಂಡನ್ನೇ ಬಳಿದವರಿಗೆ ಸಬ್ಸಿಡಿಯ ಡೀಸೆಲ್. ಮೀನು ನಾತದವರು ಅನ್ನಿಸಿಕೊಂಡ ದಂಡೆಯ ಮೇಲೇ ಈಗ ಇನ್ನೂ ಕೆಳಗಿನವಳನ್ನು ಕಟ್ಟಿಹಾಕುವಂತಾಯಿತಲ್ಲ, ಬಂಡವಾಳಕ್ಕೂ ಜಾತಿಗೂ ಇರುವ ನಂಟು ಇದು.

ಕಡಲನ್ನು ಉಳಿಸುವ ಮಾತು ಇಲ್ಲಿಂದ ಶುರುವಾಗಬೇಕು. ನಾವು ಕೇಳುವುದು ಹೆಚ್ಚೇನಲ್ಲ. ಬೋಟಿನ ಒಡೆತನ ಕಡಲಿಗೆ ಇಳಿಯುವವರ ಕೈಗೆ ಬರಬೇಕು. ನಾರ್ವೆಯಿಂದ ಇಂಜಿನ್ ತಂದವರಿಗೆ ಈ ಕಾಯಿದೆ ತರುವುದು ಕಷ್ಟವಾಗಬಾರದು. ನಾಡದೋಣಿಯ ನೀರನ್ನು ಕಾಯುವ ಕೆಲಸದಲ್ಲಿ ನಾಡದೋಣಿಯವರಿಗೆ, ಬೋಟಿನ ಆಳುಗಳಿಗೆ, ಬುಟ್ಟಿ ಹೊರುವ ಹೆಂಗಸರಿಗೆ ಜಾಗ ಬೇಕು. ಮರಿಮೀನಿನ ತಪಾಸಣೆ ಬಡವನ ಬುಟ್ಟಿಯಲ್ಲಿ ಅಲ್ಲ, ಮೀನುಹುಡಿ ಕಾರ್ಖಾನೆಯ ಗೇಟಿನಲ್ಲಿ ನಡೆಯಬೇಕು. 61 ದಿನ ಕಡಲಿಗೆ ರಜೆ ಕೊಟ್ಟಾಗ ಸಂಘದ ಚೀಟಿ ಇದ್ದವರಿಗಷ್ಟೇ ಅಲ್ಲ, ಚೀಟಿ ಇಲ್ಲದ ಕೂಲಿಗೂ ಗಂಜಿ ಸಿಗಬೇಕು.

ಕರಾವಳಿಯ ಶಾಲೆಗಳಲ್ಲಿರುವ ಮೇಷ್ಟ್ರು, ಮೇಡಂಗಳಿಗೆ ನಮ್ಮ ಮನವಿ ಒಂದಿದೆ. ರಂಪಣಿ ಎಳೆದ ಮುದುಕರು ಇನ್ನೂ ಕೆಲವರು ಬದುಕಿದ್ದಾರೆ, ಮೀನು ಹೊತ್ತು ಊರೂರು ನಡೆದ ಮುದುಕಿಯರಿದ್ದಾರೆ. ಪಾಲು ಹೇಗೆ ಮಾಡುತ್ತಿದ್ದಿರಿ, ಸರದಿ ಹೇಗೆ ಇಡುತ್ತಿದ್ದಿರಿ, ಮೊದಲ ಪರ್ಸೀನ್ ಬಂದ ವರ್ಷ ಏನಾಯ್ತು ಅಂತ ಮಕ್ಕಳ ಕೈಯಲ್ಲಿ ಕೇಳಿಸಿ, ಬರೆಸಿ. ಭೂಸುಧಾರಣೆಯ ಪಾಠ ಮಾಡುವ ದಿನವೇ ಆ ನೋಟ್‌ಬುಕ್ಕನ್ನೂ ತೆಗೆಸಿ. ಗದ್ದೆಗೆ ಒಂದು ಕಾಯಿದೆ ಬಂತಲ್ಲ, ಕಡಲಿಗೆ ಯಾಕೆ ಬರಲಿಲ್ಲ ಅಂತ ಮಕ್ಕಳೇ ಕೇಳಲಿ.